ಕುಮಟಾ ಬಸ್ಸಿನಲ್ಲಿ ಬಂಗಡೆ ಬುಟ್ಟಿ

ಮಾನ್ಯ ಅಧ್ಯಕ್ಷರಾದ ಮಹಾಗಣಪತಿಯವರೇ, ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕುಳಿತಿರುವ ಗಣ್ಯರೇ, ಸಭಿಕರೇ, ಮತ್ತು ಒಳಗೆ ಬಿಡದ ಕಾರಣ ಬಾಗಿಲ ಹೊರಗೇ ನಿಂತಿರುವ ದುರ್ಗಮ್ಮನವರೇ,

ಇದು ಅನ್ಯಾಯ. ಯಾರ ಸನ್ಮಾನಕ್ಕೆಂದು ಈ ಸಭೆ ಕರೆದಿದ್ದೇವೋ ಅವರನ್ನೇ ಒಳಗೆ ಬಿಟ್ಟಿಲ್ಲ. ಕಾರಣ, ಅವರ ಬುಟ್ಟಿಯಲ್ಲಿ ಬಂಗಡೆ ಮೀನಿದೆ. ಬುಟ್ಟಿ ತನ್ನಿ ಎಂದು ಹೇಳಿದವರು ಯಾರು? ಇದೇ ಸ್ವಾಗತ ಸಮಿತಿ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಎಂದರು. ತೊಳೆದ ಖಾಲಿ ಬುಟ್ಟಿ ತರುತ್ತಾರೆ ಎಂದುಕೊಂಡಿದ್ದರಂತೆ. ದುರ್ಗಮ್ಮ ಬಾಗಿಲಲ್ಲಿ ಕೇಳಿದ್ದು ಹಿಂದಿನ ಸಾಲಿನವರಿಗೆ ಕೇಳಿಸಿರಬೇಕು: "ಖಾಲಿ ಬುಟ್ಟಿ ಹೊತ್ಕಂಡು ಮರ್ಯಾದಿ ಮಾಡಿಸ್ಕಂಬೂಕೆ ನಂಗೆಂತ ಮಳ್ಳ?"

ನಾಳೆಯಿಂದ ಹೊನ್ನಾವರದ ಮೊದಲ ಕುಮಟಾ ಬಸ್ಸಿನ ಹಿಂಬದಿಯಲ್ಲಿ ಮೀನಿನ ಬುಟ್ಟಿ ಇಡಬಹುದು ಎಂದು ಆದೇಶವಾಗಿದೆ. ಅದಕ್ಕೇ ಈ ಸಂಭ್ರಮ. ಸಾರಿಗೆ ಕಚೇರಿಯ ಸಾಹೇಬರಿಗೆ ಹಾರ ಬಿತ್ತು. ಅಧ್ಯಕ್ಷರಿಗೆ ಬಿತ್ತು. ಎರಡು ವರ್ಷ ಪ್ರತಿದಿನ ಬುಟ್ಟಿಯನ್ನು ಕೆಳಗಿಳಿಸಿದ ಕಂಡಕ್ಟರ್ ಕಮಲಾಕರರಿಗೂ ಬಿತ್ತು, ಸಹಕಾರಕ್ಕಾಗಿ! ಒಂದು ಹಾರ ಮೇಜಿನ ಮೇಲೆ ಬಾಡುತ್ತಿದೆ. ಅದು ಯಾರದು ಎಂದು ನಾನು ಹೇಳಬೇಕೇ?

ಪ್ರಯಾಣಿಕರ ಹಕ್ಕು ಹೋರಾಟ ಸಮಿತಿಯ ಕಾರ್ಯದರ್ಶಿ ಜಟ್ಟಿ, ಅಂದರೆ ನಾನು. ಸದಸ್ಯನೂ ನಾನೇ. ಎಮರ್ಜೆನ್ಸಿ ಮುಗಿಯಿತು ಎಂದು ಕರಪತ್ರದಲ್ಲಿ ಓದಿ ಬಹಳ ಸಂತೋಷಪಟ್ಟಿದ್ದೆ. ಮರುದಿನ ಬಸ್ ನಿಲ್ದಾಣಕ್ಕೆ ಹೋದರೆ ಅಲ್ಲಿ ಅದು ಮುಗಿದಿರಲಿಲ್ಲ. ಕಮಲಾಕರರು ದುರ್ಗಮ್ಮನ ಬುಟ್ಟಿಗೆ ಕಾಲು ಅಡ್ಡ ಇಟ್ಟು, "ಎಂತದೇ ಇದು? ಬಸ್ಸೋ, ಮೀನ್ಪೇಟಿಯೋ?" ಎನ್ನುತ್ತಿದ್ದರು. "ನೀ ಮನೀಲಿ ಉಂಬೂದೆಂತ, ಮಲ್ಲಿಗೆ ಸಾರೋ?" ಎಂದು ದುರ್ಗಮ್ಮ ತಿರುಗಿ ಕೇಳಿದರು. ಬಸ್ಸು ಹೊರಟುಹೋಯಿತು.

ಸಭಿಕರೇ, ಬಸ್ಸು ತಪ್ಪಿದರೆ ನಿಮಗೆ ಇನ್ನೊಂದು ಬಸ್ಸಿದೆ. ಬಂಗಡೆಗೆ ಇಲ್ಲ. ಬಿಸಿಲೇರುವ ಮುನ್ನ ಕುಮಟಾ ಪೇಟೆ ಸೇರದಿದ್ದರೆ ಅದು ತೆಂಗಿನ ಬುಡಕ್ಕೆ ಗೊಬ್ಬರ. ಆ ದಿನ ಒಂದು ಮನೆಯಲ್ಲಿ ಬರೀ ಗಂಜಿ.

ನಾನು ಯೋಚಿಸಿದೆ. ಶತ್ರುವಿನ ಕಣ್ಣು ತಪ್ಪಿಸಬೇಕು ಎಂದು ಒಂದು ಕರಪತ್ರದಲ್ಲಿತ್ತು. ಬಂಗಡೆಯ ಮೇಲೆ ಬಾಳೆಲೆ, ಅದರ ಮೇಲೆ ಅಬ್ಬಲಿಗೆ ದಂಡೆ ಹೊದಿಸಿದೆ. ಕಮಲಾಕರರು ಹೂವೆಂದು ಬಿಟ್ಟರು. ಆದರೆ ಬಸ್ಸಿನಲ್ಲಿ ಹೆಂಗಸರಿದ್ದಾರೆ ಎಂಬುದನ್ನು ಕರಪತ್ರ ಬರೆದವರು ಯೋಚಿಸಿರಲಿಲ್ಲ. ಒಬ್ಬರು ಒಂದು ಮೊಳ ಕೇಳಿದರು, ಇನ್ನೊಬ್ಬರು ಎರಡು ಕೇಳಿದರು. ದುರ್ಗಮ್ಮ ಹುಟ್ಟಿನಿಂದ ವ್ಯಾಪಾರದವರು, ಕೊಡದೆ ಇರುತ್ತಾರೆಯೇ? ಕರ್ಕಿ ಬರುವಷ್ಟರಲ್ಲಿ ಹೂವೆಲ್ಲ ಖರ್ಚಾಯಿತು. ಯಾರೋ ಬಾಳೆಲೆಯನ್ನೂ ಕೇಳಿ ಪಡೆದರು. ಬಂಗಡೆ ಕಣ್ಣುಬಿಟ್ಟು ಕಮಲಾಕರರನ್ನು ನೋಡಿತು. ಕರ್ಕಿಯಲ್ಲೇ ಇಳಿಸಿದರು.

ಸಾಹೇಬರ ಬಳಿ ಹೋದೆ. ನಿಯಮದ ಪುಸ್ತಕ ತೆರೆದು, ಜೀವಂತ ಪ್ರಾಣಿಗೆ ಟಿಕೆಟ್ಟಿದೆ, ಸತ್ತದ್ದಕ್ಕೆ ಇಲ್ಲ ಎಂದರು. ಕೋಳಿ ಬದುಕಿದ್ದರೆ ಪ್ರಯಾಣಿಕ, ಸತ್ತರೆ ಅಪರಾಧ! ಸರಿ, ನಾವು ಕಾನೂನನ್ನು ಗೌರವಿಸುವವರು. ಮರುದಿನ ಒಂದು ಬುಟ್ಟಿ ಜೀವಂತ ಏಡಿ ಒಯ್ದೆವು. ಕಮಲಾಕರರು ಹಲ್ಲು ಕಚ್ಚಿ ಟಿಕೆಟ್ ಹರಿದರು. ಹಳದೀಪುರ ದಾಟುವಾಗ ಬ್ರೇಕ್ ಬಿತ್ತು, ಬುಟ್ಟಿ ಮಗುಚಿತು. ಬಸ್ಸಿನವರೆಲ್ಲ ಕಾಲೆತ್ತಿ ಸೀಟಿನ ಮೇಲೆ ಕುಳಿತರು. ಕಮಲಾಕರರು ಇಂಜಿನ್ನಿನ ಬಾನೆಟ್ ಹತ್ತಿದರು. ಅವರ ಚೀಲದ ಪಟ್ಟಿಗೆ ಕಚ್ಚಿಕೊಂಡ ಒಂದು ಏಡಿ ಕುಮಟಾದವರೆಗೂ ಬಿಡಲಿಲ್ಲ. ಅಂದು ಮೊದಲ ಬಾರಿಗೆ ದುರ್ಗಮ್ಮ ಬುಟ್ಟಿಯೊಡನೆ ಕುಮಟಾ ತಲುಪಿದರು. ಮಾರಲು ಏಡಿ ಮಾತ್ರ ಇರಲಿಲ್ಲ. ಅವೆಲ್ಲ ಸೀಟಿನಡಿ ಸೇರಿ ಅದೇ ಬಸ್ಸಿನಲ್ಲಿ ಹೊನ್ನಾವರಕ್ಕೆ ಮರುಪ್ರಯಾಣ ಬೆಳೆಸಿದವು.

ಇನ್ನು ಉಳಿದದ್ದು ನೇರ ಹೋರಾಟ. ಬಸ್ಸಿಗೆ ಅಡ್ಡ ಮಲಗಿ ಕಣ್ಣು ಮುಚ್ಚಿ ಘೋಷಣೆ ಕೂಗಿದೆ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟರೆ ಅದು ಭಟ್ಕಳದ ಬಸ್ಸು. ಕುಮಟಾ ಬಸ್ಸು ಪಕ್ಕದಿಂದ ಹೋಗಿಯಾಗಿತ್ತು. ಭಟ್ಕಳದ ಪ್ರಯಾಣಿಕರು ತಾವು ಮಾಡಿದ ಅನ್ಯಾಯವೇನು ಎಂದು ಕೇಳಿದರು. ದುರ್ಗಮ್ಮ ಬಂದು, "ಏಳ್ ಮಗಾ, ಬಟ್ಟೆ ಮಣ್ಣಾತು. ತೊಳೂಕೆ ನಾನೇ ಬರ್ಬೇಕು" ಎಂದರು.

ಹೌದು. ನನ್ನ ತಾಯಿ. ಹೋರಾಟದಲ್ಲಿ ಸಂಬಂಧ ಹೇಳಬಾರದು ಎಂದು ಓದಿದ್ದರಿಂದ ಇಲ್ಲಿಯವರೆಗೆ ಹೇಳಿರಲಿಲ್ಲ. ಗಂಜಿಯ ಮನೆಯೂ ನಮ್ಮದೇ.

ಹಾಗಾದರೆ ಗೆಲುವು ಬಂದದ್ದು ಹೇಗೆ? ನನ್ನ ಉಪಾಯದಿಂದಲ್ಲ. ನಾನು ಉಪಾಯ ಮಾಡದ ದಿನಗಳಲ್ಲೂ ದುರ್ಗಮ್ಮ ಬುಟ್ಟಿ ಹೊತ್ತು ಅದೇ ನಿಲ್ದಾಣಕ್ಕೆ ಹೋದರು. ಕೈ ತೋರಿಸಿದರು. ಬಸ್ಸು ನಿಂತಿತು. ಜಗಳವಾಯಿತು. ಇಳಿಸಿದರು. ಮರುದಿನ ಮತ್ತೆ ಕೈ ತೋರಿಸಿದರು. "ದಿನಾ ಬತ್ಯಲೇ, ನಾಚ್ಕೆ ಇಲ್ವ?" ಎಂದು ಕಮಲಾಕರರು ಕೇಳಿದರೆ, "ನೀನೂ ದಿನಾ ಬತ್ಯಲೋ" ಎಂದರು. ಆ ಜಗಳದಿಂದ ಬಸ್ಸು ದಿನವೂ ತಡವಾಯಿತು. ಕೊನೆಗೆ ಮೇಲಿನ ಕಚೇರಿ ಆದೇಶ ಹೊರಡಿಸಿತು. ನ್ಯಾಯಕ್ಕಾಗಿ ಅಲ್ಲ, ಸಭಿಕರೇ. ಸಮಯಪಾಲನೆಗಾಗಿ! ಸೋತು ಸೋತು ಒಂದು ಬಸ್ಸನ್ನೇ ತಡಮಾಡಿದ ಹೆಂಗಸು ನನ್ನ ಯಾವ ಕರಪತ್ರದಲ್ಲೂ ಇಲ್ಲ.

ಆದರೆ ಗೆದ್ದೆವೇ? ಈಗಷ್ಟೇ, ಕೊರಳಲ್ಲಿ ಹಾರ ಇರುವಾಗಲೇ, ಕಮಲಾಕರರು ನನ್ನ ಕಿವಿಯಲ್ಲಿ ಹೇಳಿದರು: "ಆದೇಶ ಆಫೀಸಿಗೆ ಬಂದದ್ದು ಹೌದು ಮಾರಾಯ, ನನ್ನ ಕೈಗೆ ಬರ್ಲಿಲ್ಲ." ಹಾಗಾದರೆ ನಾಳೆ ಬುಟ್ಟಿ ಹತ್ತುತ್ತದೆಯೋ ಇಲ್ಲವೋ? ಹತ್ತದಿದ್ದರೆ ಈ ಹಾರಗಳೆಲ್ಲ ಯಾವ ಸಾಧನೆಗೆ?

ಆದ್ದರಿಂದ ಮೇಜಿನ ಮೇಲಿನ ಹಾರವನ್ನು ನಾನು ಒಯ್ಯುತ್ತಿದ್ದೇನೆ. ಅದನ್ನು ಕುಮಟಾದಲ್ಲಿ, ಬುಟ್ಟಿ ಇಳಿಸಿದ ಮೇಲೆ ಹಾಕುತ್ತೇನೆ. ನೀವೂ ಬನ್ನಿ. ಒಬ್ಬೊಬ್ಬರೂ ಕೈಯಲ್ಲಿ ಒಂದೊಂದು ಬಂಗಡೆ ಹಿಡಿದು ಬನ್ನಿ. ಸಾಹೇಬರೇ, ತಾವೂ ಹಿಡಿಯಿರಿ. ಕಮಲಾಕರರು ಯಾರು ಯಾರನ್ನು ಇಳಿಸುತ್ತಾರೆ ನೋಡೋಣ. ಬಂಗಡೆ ಇಲ್ಲದವರು ಹೋಗುವಾಗ ಬಾಗಿಲಲ್ಲಿ ದುರ್ಗಮ್ಮನವರಿಂದ ಕೊಳ್ಳಬಹುದು. "ಉದ್ದ ಮಾತಾಡ್ಬೇಡ, ಐಸ್ ಕರಗ್ತದೆ" ಎಂದು ಹೇಳಿಯೇ ಅವರು ನನ್ನನ್ನು ಒಳಗೆ ಕಳಿಸಿದ್ದು.

ಇಷ್ಟು ಹೊತ್ತು ಮೀನಿನ ವಾಸನೆಯನ್ನೂ ನನ್ನ ಮಾತನ್ನೂ ಸಹಿಸಿದ ನಿಮಗೆಲ್ಲ ಕೃತಜ್ಞತೆ, ನಮಸ್ಕಾರ. ನಾಳೆ ಸೋಮವಾರ, ಬೆಳಿಗ್ಗೆ ಆರೂವರೆಗೆ, ಹೊನ್ನಾವರ ಬಸ್ ನಿಲ್ದಾಣದಲ್ಲಿ.