ಹಸಿದ ಕೌದಿ

ನಗಬ್ಯಾಡ್ರಿ. ಸುಳ್ಳು ಹೇಳಿ ನನಗೇನು ಸಿಗಬೇಕಾಗೇದ? ಇದು ನಮ್ಮ ಕಾಕಾನ ಮಗಳು ಪ್ರಣಾಲಿಗೆ ಆದದ್ದು. ಹೋದ ವರ್ಷ, ಸಾಯಗಾಂವದಾಗ.

ಭಾಲ್ಕಿಯಿಂದ ಬರೋ ಕಡೀ ಬಸ್ಸು ಇಳದು ಮನಿಗೆ ನಡದಿದ್ದಳು. ಬೀದರಿನ ಒಂದು ತಿಂಗಳ ಪ್ರದರ್ಶನ ಅವತ್ತ ಮುಗದಿತ್ತು, ಬಗಲಾಗ ವಾಪಸ್ ತಂದ ಕೌದಿ ಗಂಟು. ಹಾಳು ಬಾವಿ ದಾಟುವಾಗ ಕೇಳಿಸ್ತು... ಸುರ್ರ್... ಸುರ್ರ್... ದಪ್ಪ ಅರಿವಿಯೊಳಗಿಂದ ದಾರ ಎಳೆದಂಗ. ಆಮ್ಯಾಲ, ಕಟ್. ಹಲ್ಲಿಲೆ ದಾರ ಕಡದ ಸಪ್ಪಳ.

ಆ ಸಪ್ಪಳ ಆಕಿಗೆ ಗೊತ್ತಿತ್ತು. ಇಮಾಮಬೀ ಖಾಲಾ ಹಂಗೇ ಹೊಲೀತಿದ್ದಳು. ಆದರ ಖಾಲಾನ ಮಣ್ಣು ಮಾಡಿ ಹನ್ನೊಂದು ದಿವಸ ಆಗಿತ್ತು.

ಈ ಖಾಲಾ ಪ್ರಣಾಲಿ ಮನಿ ಬಾಜೂದಾಕಿ, ಚಿಗವ್ವ ಇದ್ದಂಗ. ಹಳೀ ಸೀರಿ, ಲುಂಗಿ ಜೋಡಿಸಿ ಕೌದಿ ಹೊಲೀತಿದ್ದಳು. ಓದಾಕ ಬರ್ತಿರಲಿಲ್ಲ. ಪ್ರಣಾಲಿಗೋ ದೆವ್ವದ ಕಾದಂಬರಿ ಹುಚ್ಚು, ಬೀದರಿನ ಲೈಬ್ರರಿಯಾಗ ಒಂದೂ ಬಿಟ್ಟಿಲ್ಲ. ಮಧ್ಯಾಹ್ನ ಆಕಿ ಜೋರಾಗಿ ಓದೋದು, ಖಾಲಾ ಕೇಳಕೋತ ಹೊಲಿಯೋದು. ವರ್ಷದಾಗ ಖಾಲಾನ ಒಂದು ಕೌದಿ ತುಂಬ ಪಾಳು ಬಂಗಲೆ ಎದ್ದು ನಿಂತಿತ್ತು. ಹಳೀ ಬುರ್ಖಾದ ಅರಿವಿಲೆ ಬಾವಲಿ, ಹಳದಿ ಸೀರಿ ತುಂಡಿಲೆ ದೀಪ ಉರಿಯೋ ಒಂದೇ ಕಿಟಕಿ. ನೋಡಿದರ ಎದಿ ಝಲ್ ಅಂತಿತ್ರಿ.

ಒಂದು ಮೂಲಿ ಉಳದಿತ್ತು. ನಮ್ಮ ಕಡೆ ಕಡೀ ಮೂಲ್ಯಾಗ ರೊಟ್ಟಿ ತುಂಡು ಇಟ್ಟು ಹೊಲೀತಾರ, ಹೊಚಗೊಂಡವರ ಹೊಟ್ಟಿ ತಣ್ಣಗಿರಲಿ ಅಂತ. ಅಷ್ಟರಾಗ ಖಾಲಾ ಜಡ್ಡಿಗೆ ಬಿದ್ದಳು.

ಪ್ರಣಾಲಿ ಏನು ಮಾಡಿದಳು? ಖಾಲಿ ಮೂಲಿ ತಾನೇ ಗಡಬಡಿಸಿ ಹೊಲಿದು ಮುಚ್ಚಿದಳು. ರೊಟ್ಟಿ ಇಡಲಿಲ್ಲ. ಪ್ರದರ್ಶನಕ್ಕ ಒಯ್ದು, ನಾನೇ ಹೊಲಿದದ್ದು ಅಂದಳು. ಮೊದಲ ಬಹುಮಾನ ಬಂತು. ಕೌದಿ ಕಲಿಸೋ ನೌಕರಿನೂ ಕೊಡ್ತೇವಿ ಅಂದ್ರು. ಆಕಿ ಮುಂದಿನ ಹಲ್ಲು ಅರ್ಧ ಮುರದದ. ಕೌದಿ ಹಿಡಕೊಂಡು, ಅದು ಕಾಣೂವಂಗ ನಕ್ಕ ಫೋಟೋ ಪೇಪರದಾಗ ಬಂತು. ಖಾಲಾ ಹಾಸಿಗ್ಯಾಗ ಆ ಫೋಟೋ ನೋಡಿದಳು, ಗ್ವಾಡಿ ಕಡೆ ಹೊಳ್ಳಿ ಮಲಗಿದಳು. ವಾರದಾಗ ತೀರಿಕೊಂಡಳು.

ನನ್ನ ತಂಗಿ ಖರೆ, ಆದರ ಅದು ನೀಚ ಕೆಲಸ. ಇವತ್ತಿಗೂ ನನ್ನ ಸಿಟ್ಟು ಹೋಗಿಲ್ಲ.

ಬಾವಿ ಹತ್ತಿರ ಗಂಟಿನೊಳಗಿಂದ ದನಿ ಬಂತಂತ. ಸಣ್ಣಗ.

"ಬೇಟಿ... ಯಾರು ಹೊಲಿದದ್ದು?"

ಪ್ರಣಾಲಿ ಗಂಟು ಬಿಗಿಯಾಗಿ ಅವಚಿಕೊಂಡಳು. ಮರುದಿವಸ ನೌಕರಿಗೆ ಹಾಜರಾಗಬೇಕಿತ್ತು.

"ನಾನೇ," ಅಂದಳು.

"ಹಂಗಾದ್ರ... ನೀನೇ ಉಣಿಸು."

ಕಟ್.

ಅವತ್ತಿನಿಂದ ಹಸಿವು ನೋಡ್ರಿ. ಎಂಟು ರೊಟ್ಟಿ ತಿಂತಾಳ, ಕೈ ತೊಳಿಯೋದ್ರಾಗ ಹೊಟ್ಟಿ ಖಾಲಿ. ಬೀದರಿನ ಡಾಕ್ಟರು ಎಲ್ಲಾ ಚೆಕ್ ಮಾಡಿ ಏನೂ ಇಲ್ಲ ಅಂದ್ರು. ಎರಡು ತಿಂಗಳದಾಗ ಬಳಿ ಮೊಣಕೈ ತನಕ ಜಾರಾಕತ್ತಿದವು. ಅತ್ತ ಕೌದಿ ಮೂಲಿ ದಿನಾ ಉಬ್ಬಾಕತ್ತಿತ್ತು.

ನೋಡಾಕ ಹೋದಾಗ ಅಂದೆ, "ಖಾಲಾನ ಹೆಸರು ಹೇಳಿಬಿಡು."

"ನೌಕರಿ ಹೋಗ್ತದ, ಅಕ್ಕಾ." ಬಾಯಾಗ ತುತ್ತು ಇಟಗೊಂಡೇ ಅಂದಳು.

ನನಗ ತಡಕೊಳ್ಳಾಕ ಆಗಲಿಲ್ಲ. ಕೌದಿ ಎಳಕೊಂಡು ಕತ್ತರಿಲೆ ಆ ಮೂಲಿ ಬಿಚ್ಚಿದೆ. ಒಳಗ ಬರೇ ಜ್ವಾಳದ ರೊಟ್ಟಿ ತುತ್ತು, ಒತ್ತಿ ಒತ್ತಿ ತುಂಬಿದ್ದವು. ತಳದಾಗಿನವು ಬೂಸ್ಟು ಹಿಡದಿದ್ದವು. ಮ್ಯಾಲಿಂದು ಇನ್ನೂ ಬಿಸಿ ಇತ್ತು. ತಿರುವಿ ನೋಡಿದೆ... ಅಂಚಿಗೆ ಹಲ್ಲಿನ ಗುರುತು.

ಮುಂದಿನ ಹಲ್ಲು, ಅರ್ಧ. ನಾ ಈ ಕೈಲೆ ಹಿಡದೇನ್ರಿ ಅದನ್ನ.