ಒಂದು ಮೊಳ ಹೂವು

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ರೈಲಿಗೆ ಕಾಯುತ್ತಿದ್ದೆ. ಅದೇ ಬೆಂಚಿನಲ್ಲಿ ಒಬ್ಬ ಅಜ್ಜಿ, ಪಕ್ಕದಲ್ಲಿ ಕಾಲೇಜು ಹುಡುಗಿ.

“ಬಿ.ಕಾಂ. ಮುಗಿದ್ಮೇಲೆ ಅಮ್ಮನ ಹೂವಿನ ವ್ಯಾಪಾರ ನಾನೇ ನೋಡ್ಕೊಂತೀನಿ ಅಜ್ಜಿ. ಸ್ವಂತ ಉದ್ಯೋಗ ಮಾಡೋದು ಹೆಂಗೆ ಅಂತ ಕಾಲೇಜಲ್ಲಿ ಹೇಳಿಕೊಡ್ತಾವ್ರೆ.”

“ಏನಂತ ಯೋಳ್ಕೊಡ್ತಾರೆ?”

“ಗಿರಾಕಿ ಕಷ್ಟ ಏನು ಅಂತ ಮೊದ್ಲು ತಿಳ್ಕೋಬೇಕಂತೆ. ನೀವು ಮಂಡಿನೋವಲ್ಲೂ ಉರಿಗಾಂ ಲೈನ್ ಮನೆಯಿಂದ ದಿನಾ ಬೆಳಿಗ್ಗೆ ಅಮ್ಮನ ಅಂಗಡಿಗೆ ನಡ್ಕೊಂಡು ಬರ್ತೀರಲ್ಲ. ಇನ್ಮೇಲೆ ಹೂವು ಮನೆಗೇ ಬರ್ತದೆ.”

“ನೀನೇ ತತ್ತೀಯಾ?”

“ಯಾರಾದ್ರೂ ತರ್ತಾರೆ. ಬಾಗಿಲಿಗೆ ಒಂದು ಚೀಲ ಕಟ್ಟಿರಿ, ಅದರೊಳಗೆ ಹಾಕಿ ಹೋಗ್ತಾರೆ. ನಿಮ್ಮನ್ನ ಎಬ್ಬಿಸೋದೂ ಇಲ್ಲ.”

ಅಜ್ಜಿ ಮಂಡಿ ನೀವಿಕೊಂಡರು.

“ನಿಮ್ಮಮ್ಮ ಮೊಳ ಆಕ್ತಾ ಆಕ್ತಾ, ‘ರಾತ್ರಿ ಏನ್ ಸಾರು ಮಾಡಿದ್ರಿ ಅಜ್ಜಿ’ ಅಂತ ಕೇಳ್ತಾಳೆ.”

“ಎಲ್ರನ್ನೂ ಕೇಳ್ತಾಳೆ. ಅದ್ರಲ್ಲೇ ಅರ್ಧ ಟೈಮ್ ಹೋಗ್ತದೆ.”

ರೈಲು ಬಂತು. ಹುಡುಗಿ ಅಜ್ಜಿಯ ಚೀಲ ಎತ್ತಿಕೊಂಡಳು. ಅಜ್ಜಿ ಮಂಡಿ ಹಿಡಿದು ಎದ್ದು, ಬೋಗಿಯ ಕಡೆ ನಡೆಯುತ್ತಾ ಹೇಳಿದರು:

“ಮನೇಲಿ ನಾನೊಬ್ಳೇ ಕಣಮ್ಮ. ಬೆಳಿಗ್ಗೆ ಅವಳು ಕೇಳ್ತಾಳಲ್ಲ ಅಂತಾನೇ ನಾನು ದಿನಾ ಸಾರು ಮಾಡೋದು.”