ಇಯೆಲುವಿನ ಕೊನೇ ಕಂತು

ಭಾನುವಾರ ಚರ್ಚಿನಲ್ಲಿ ಪ್ರತಿ ಮನೆಯ ಕಾಣಿಕೆ ಎಷ್ಟು ತಾಲಾ ಹಣವೆಂದು ಹೆಸರು ಹಿಡಿದು ಓದುತ್ತಾರೆ. ಮರ್ಯಾದೆ ಉಳಿಸಿಕೊಳ್ಳಲು ಮತ್ತೊಂದು ಸಾಲ ಮಾಡಬೇಕೇ? ಆಪಿಯಾ ಪಟ್ಟಣದ ಸಾಲದ ಕಚೇರಿಯಲ್ಲಿ ಸರದಿಗೆ ನಿಂತ ಲಫಾಯಲೆಗೆ ಅದೇ ಯೋಚನೆ. ಅವನ ಮುಂದಿದ್ದ ಇಯೆಲು ಮತ್ತು ಅವನ ಹೆಂಡತಿ ಹಣ ಕಟ್ಟಿ ರಸೀದಿ ಹಿಡಿದು ತಿರುಗಿದರು.

"ಕೊನೇ ಕಂತು ಮುಗೀತು ಕಣೇ!"

"ಮೆಲ್ಲಗೆ ಮಾರಾಯ್ರೇ, ಊರೆಲ್ಲ ಕೇಳುತ್ತೆ."

"ಕೇಳ್ಲಿ! ಆದ್ರೆ ಭಾನುವಾರ 'ಇಯೆಲು, ಇಪ್ಪತ್ತು ತಾಲಾ' ಅಂತ ಓದಿದ್ರೆ ನಿಮ್ಮಣ್ಣ ನಗ್ತಾನೆ."

"ನಗ್ಲಿ. ಹೋದ್ಸಲ ಐನೂರು ಅಂದಾಗ ಚಪ್ಪಾಳೆ ತಟ್ಟಿದ್ನಲ್ಲ, ಕಂತು ಅವನು ಕಟ್ಟಿದ್ನಾ?"

"ಇನ್ಮೇಲೆ ಸಂಬಳದ ದಿನಾನೇ ಲೆಕ್ಕ. ಮೊದ್ಲು ಮಕ್ಕಳ ಫೀಸು, ಆಮೇಲೆ ಕಾಣಿಕೆ, ಉಳಿದ್ರೆ ನನ್ನ ಬಿಯರು."

"ಉಳಿಯಲ್ಲ, ನಡೀರಿ!"

ನಗುತ್ತಲೇ ಇಬ್ಬರೂ ಬಸ್ಸಿಗೆ ಓಡಿದರು.

"ನಿಮಗೆಷ್ಟು ಬೇಕು?" ಎಂದು ಗುಮಾಸ್ತೆ ಕೇಳಿದಳು.

"ಸಾಲ ಬೇಡ" ಎಂದು ಲಫಾಯಲೆ ಸರದಿ ಬಿಟ್ಟು ಹೊರಟ.